ಎರಡೂ ಎಡತೋಳು

"ಇವತ್ತು ಕತ್ತರಿ ನಂಗೆ ಕೊಡೇ," ಎಂದು ಅಣ್ಣ ಕೈಚಾಚಿದಾಗ ನಾನು ಅದನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡೆ.

ನಮ್ಮ ಹೊಲಿಗೆ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವವನು ಅವನು, ಹೊಲಿಯುವವಳು ನಾನು. ಅಪ್ಪ ಹೋದಾಗಿನಿಂದ ಅದೇ ಏರ್ಪಾಡು. ಆಮೇಲೆ ಅವನು ಕುಡಿತಕ್ಕೆ ಬಿದ್ದ. ಬೈದೆ, ಅತ್ತೆ, ಊಟ ಬಿಟ್ಟು ಕೂತೆ. ಯಾವುದಕ್ಕೂ ಜಪ್ಪಯ್ಯ ಅನ್ನಲಿಲ್ಲ. ಕೊನೆಗೆ ಆಸ್ಪತ್ರೆ ಸೇರಿಸಿ ಬಿಡಿಸಿದ್ದಾಯಿತು. ಡಾಕ್ಟರಮ್ಮ ಅವನ ಮೆದುಳಿನ ಸ್ಕ್ಯಾನ್ ಹಿಡಿದು ಹಣೆಯ ಹಿಂದಿನ ಭಾಗ ತೋರಿಸಿದ್ದರು.

"ಇಲ್ಲಿ ನೋಡಿ, ಕುಗ್ಗಿದೆ. ಮುಂದೇನು ಮಾಡ್ಬೇಕು ಅಂತ ಯೋಚಿಸೋದು ಈ ಭಾಗ. ಕುಡೀದೇ ಇದ್ರೆ ಸ್ವಲ್ಪ ಸುಧಾರಿಸ್ಬಹುದು."

"ಸ್ವಲ್ಪ ಅಂದ್ರೆ ಎಷ್ಟು?"

"ಅದನ್ನ ಈಗ್ಲೇ ಹೇಳಕ್ಕಾಗಲ್ಲಮ್ಮ."

ತಲೆಗೆ ಹುಳ ಬಿಟ್ಟು ಕಳಿಸಿದರು. ಅಂದಿನಿಂದ ಕತ್ತರಿಯೂ ನನ್ನ ಕೈಯಲ್ಲೇ ಇತ್ತು.

ಕೊಟ್ಟೆ. ಕೊಡದೆ ಎಷ್ಟು ದಿನ ಕೂರಿಸಲಿ? ಮೇಜಿನ ಮೇಲಿದ್ದದ್ದು ಗಿರಾಕಿಯೊಬ್ಬರ ಕೋಟಿನ ಚೌಕಳಿ ಬಟ್ಟೆ. ಚೌಕಳಿಯನ್ನು ಮಡಿಸಿ ಕತ್ತರಿಸಿದರೆ ಗೆರೆಗೆ ಗೆರೆ ಕೂಡುವುದಿಲ್ಲ. ಒಂದು ತೋಳು ಕತ್ತರಿಸಿ, ಅದನ್ನು ಮಗುಚಿ ಹಾಸಿ ಇನ್ನೊಂದನ್ನು ಕತ್ತರಿಸಬೇಕು; ಆಗಲೇ ಒಂದು ಎಡಕ್ಕೆ, ಒಂದು ಬಲಕ್ಕೆ ಆಗುವುದು. ನನಗೆ ಇದನ್ನು ಕಲಿಸಿದವನೇ ಅವನು.

ಮಿಷನ್ ತುಳಿಯುತ್ತಾ ಓರೆಗಣ್ಣಲ್ಲಿ ನೋಡುತ್ತಿದ್ದೆ. ಅವನ ಕೈ ನಡುಗಲಿಲ್ಲ.

"ನುಂಗೋ ಹಾಗೆ ನೋಡ್ಬೇಡ ಕಣೇ, ಬೆರಳು ಕತ್ತರಿಸ್ಕೊಂಡೇನು."

"ಬೆರಳು ನಿಂದು, ಹೋದ್ರೆ ಹೋಗ್ಲಿ. ಬಟ್ಟೆ ಗಿರಾಕೀದು."

ಇಬ್ಬರೂ ನಕ್ಕೆವು. ಎಷ್ಟೋ ಕಾಲದ ಮೇಲೆ ನನಗೆ ನಿರಾಳವಾಯಿತು.

ಅವನು ತುಂಡುಗಳನ್ನು ತಂದು ಮುಂದಿಟ್ಟ. ಎತ್ತಿ ನೋಡಿದೆ. ಎರಡೂ ಎಡತೋಳು.

ಮೈಯೆಲ್ಲ ಉರಿದುಹೋಯಿತು. "ಮತ್ತೆ ಶುರು ಹಚ್ಕೊಂಡ್ಯಾ? ನಿಜ ಹೇಳು!" ಎಂದು ಅಂಗಿ ಹಿಡಿದೆಳೆದು ಅವನ ಬಾಯಿ ಮೂಸಿದೆ. ಬರೀ ಚಹಾದ ವಾಸನೆ. ಜೇಬು ತಡಕಿದೆ. ಮೇಜಿನಡಿ, ಬಟ್ಟೆ ರಾಶಿಯ ಹಿಂದೆ, ಚಿಂದಿ ಡಬ್ಬದೊಳಗೆ ಹುಡುಕಿದೆ. ಏನೂ ಇಲ್ಲ.

ಅಣ್ಣ ಎರಡು ತೋಳುಗಳನ್ನೂ ಒಂದರ ಮೇಲೊಂದಿಟ್ಟು ಅಂಚು ಸವರುತ್ತಿದ್ದ.

"ಒಂದಕ್ಕೊಂದು ಸರಿಯಾಗೇ ಕೂಡತ್ತಲ್ಲೇ. ಏನಾಗಿದೆ ಇದಕ್ಕೆ?"

ಕುಡಿದಿದ್ದರೆ ಬೈದು, ಎಳೆದೊಯ್ದು, ಮತ್ತೊಮ್ಮೆ ಬಿಡಿಸಬಹುದಿತ್ತು. ಕುಡಿಯದೆಯೇ ಹೀಗಾದರೆ ಯಾರನ್ನು ಬೈಯಲಿ? ಕಪಾಟಿನ ಹಿಂದೆ ಕೈಹಾಕಿದೆ. ದೇವರೇ, ಒಂದೇ ಒಂದು ಬಾಟಲಿ ಸಿಕ್ಕಿಬಿಡಲಪ್ಪ ಎಂದು ಬೇಡಿಕೊಳ್ಳುತ್ತಾ ಹುಡುಕುತ್ತಲೇ ಇದ್ದೆ.