ಕಲ್ಪನ ಫೋನು ಮಾಡಿದ್ದಳು

ಗೋಪಿ ಚಟ್ಟದ ಬಿದಿರಿಗೆ ಹಗ್ಗ ಬಿಗಿಯುತ್ತಿದ್ದಾಗ ಡಾಕ್ಟರು ಬಂದು ಅವನ ಭುಜ ಮುಟ್ಟಿದರು.

"ಒಂದು ನಿಮಿಷ ಈಚೆ ಬರ್ತೀಯಾ?"

ಅಕ್ಕ ಕಲ್ಪನಳ ಹೆಣ ಜಗಲಿಯ ಮೇಲಿತ್ತು. ಡಾಕ್ಟರ್ ಸುಧಾಕರ್ ತಂದ ಹಾರವೇ ಎಲ್ಲಕ್ಕಿಂತ ದೊಡ್ಡದು. ಗಣಿ ಧೂಳು ಕುಡಿದು ಎದೆ ಕೆಟ್ಟವರ ಮೇಲೆ ಹೊಸ ಮಾತ್ರೆ ಪರೀಕ್ಷಿಸುವ ಅವರ ಆಸ್ಪತ್ರೆಯಲ್ಲಿ ಅವಳು ಕೋಆರ್ಡಿನೇಟರ್. ಮಾತ್ರೆ ಕೊಡುವುದು, ಮನೆಮನೆಗೆ ಹೋಗಿ ಹೇಗಿದ್ದೀರಿ ಎಂದು ಕೇಳುವುದು, ಕೇಳಿದ್ದನ್ನು ಡಾಕ್ಟರಿಗೆ ಮುಟ್ಟಿಸುವುದು ಅವಳ ಕೆಲಸ. ಮೊನ್ನೆ ಅಂಥವರಲ್ಲೊಬ್ಬ, ಕೊಂಡಪ್ಪ, ಸತ್ತ. ನಿನ್ನೆ ಅವನ ಮನೆಯವರನ್ನು ಮಾತಾಡಿಸಿ ಬರುವಾಗ ಬಂಗಾರಪೇಟೆ ರಸ್ತೆಯಲ್ಲಿ ಇವಳ ಸ್ಕೂಟಿಗೆ ಲಾರಿ ಗುದ್ದಿತು.

ಕೊಟ್ಟಿಗೆಯ ಮರೆಯಲ್ಲಿ ಡಾಕ್ಟರು ದನಿ ತಗ್ಗಿಸಿದರು.

"ಕೊಂಡಪ್ಪನಿಗೆ ಮಾತ್ರೆ ಒಗ್ಗಲಿಲ್ಲ. ಕಲ್ಪನ ನನಗೆ ತಿಳಿಸಲೇ ಇಲ್ಲ. ಮಾತ್ರೆ ಕಂಪನಿಯವರು ಬಂದು ಕೇಳಿದ್ರೆ, ಈಚೆಗೆ ಅವಳಿಗೆ ಮರೆವು ಜಾಸ್ತಿ ಆಗಿತ್ತು ಅಂತ ಹೇಳು."

"ನಮ್ಮಕ್ಕಂಗೆ ಮರೆವಾ, ಸಾರ್?"

"ಹೋದವಳಿಗೆ ಇನ್ನೇನಾಗುತ್ತೆ ಹೇಳು?"

ಕೈಯಲ್ಲಿದ್ದ ಹಗ್ಗವನ್ನು ಆ ಬಿಳಿ ಕಾಲರಿನ ಸುತ್ತ ಬಿಗಿಯಬೇಕೆನಿಸಿತು ಗೋಪಿಗೆ.

*

ಹಿಂದಿನ ವಾರ ಚಾಂಪಿಯನ್ ರೀಫ್ಸ್‌ನ ಗಣಿ ಕಾರ್ಮಿಕರ ಲೈನುಮನೆಯಲ್ಲಿ ಕೊಂಡಪ್ಪ ಗೋಡೆಗೊರಗಿ ಏದುಸಿರು ಬಿಡುತ್ತಿದ್ದ. ತುಟಿ ನೀಲಿಗಟ್ಟಿತ್ತು. ಅದೇ ಮಾತ್ರೆ ನುಂಗುತ್ತಿದ್ದ ಪಕ್ಕದ ಮನೆಯ ಮುದುಕ ಸೆಲ್ವರಾಜ್ ಬಾಗಿಲಲ್ಲಿ ನಿಂತಿದ್ದ. ಕಲ್ಪನ ಕೊಂಡಪ್ಪನ ಬೆನ್ನು ನೀವುತ್ತಾ ಫೋನನ್ನು ಸ್ಪೀಕರಿಗೆ ಹಾಕಿದಳು.

"ಸಾರ್, ಉಸಿರೇ ಸಿಗ್ತಿಲ್ಲ. ಮಾತ್ರೆ ನಿಲ್ಲಿಸಿ ಅಡ್ಮಿಟ್ ಮಾಡೋಣ."

"ಧೂಳು ತಿಂದವರಿಗೆ ಉಸಿರು ಕಟ್ಟದೆ ಇನ್ನೇನಮ್ಮ? ಇನ್ನೊಬ್ಬ ಮಾತ್ರೆ ಬಿಟ್ಟರೆ ಟ್ರಯಲ್ಲೇ ನಿಲ್ಲುತ್ತೆ. ಕಂಟಿನ್ಯೂ ಮಾಡಿ."

"ಒಂದ್ಸಲ ಬಂದು ನೋಡಿ ಸಾರ್, ಕೈ ಮುಗೀತೀನಿ..."

ಆಚೆ ಫೋನು ಇಟ್ಟಾಗಿತ್ತು. ದೊಡ್ಡಾಸ್ಪತ್ರೆಗೆ ತಾನೇ ಕರೆದೊಯ್ಯುತ್ತೇನೆಂದು ಅವಳು ಎಷ್ಟು ಕರೆದರೂ ಕೊಂಡಪ್ಪ ಏಳಲಿಲ್ಲ.

"ಡಾಕ್ಟ್ರೇ ತಗೋ ಅಂದವ್ರಲ್ಲಮ್ಮ," ಎಂದು ಮಾತ್ರೆ ನುಂಗಲು ನೀರಿಗೆ ಕೈಚಾಚಿದ.

*

"ಎಲ್ಲಾರೂ ಕೇಳ್ರೋ!" ಗೋಪಿ ಡಾಕ್ಟರನ್ನು ತೋಳು ಹಿಡಿದು ಅಂಗಳಕ್ಕೆ ಎಳೆದು ತಂದ. "ಕೊಂಡಪ್ಪ ಸಾಯೋ ಅಂಗಿರೋದ ನಮ್ಮಕ್ಕ ಈವಯ್ಯಂಗೆ ಏಳ್ಲೇ ಇಲ್ವಂತೆ! ಮರೆವು ಬಂದಿತ್ತಂತೆ ಅವ್ಳಿಗೆ!"

ಬೇಲಿಯ ಬಳಿ ಕೂತಿದ್ದ ಸೆಲ್ವರಾಜ್ ಕಂಬ ಹಿಡಿದು ಎದ್ದ.

"ಯಾರಿಗೆ ಮರೆವು? ಫೋನಲ್ಲಿ ನಿನ್ ದನಿ ನಾನ್ ಕೇಳಿದೀನಿ ಡಾಕ್ಟ್ರೇ. ಬಾ ಬಾ ಅಂತ ಬೇಡ್ಕೊಂತು ಆ ಮಗು. ಮಾತ್ರೆ ಕೊಡು ಅಂದೋನು ನೀನು."

"ಇದು ಇಲ್ಲಿ ಮಾತಾಡೋ ವಿಷಯ ಅಲ್ಲ."

"ಇನ್ನೆಲ್ಲಿ ಮಾತಾಡ್ಬೇಕು?" ತಾಯಿ ಮಂಗಮ್ಮ ಹೆಣದ ಪಕ್ಕದಿಂದ ತಲೆಯೆತ್ತಿದಳು. "ಇವತ್ತು ಬುಟ್ರೆ ನನ್ ಮಗಳು ಎಲ್ಲಿ ಸಿಗ್ತಾಳೆ?"

"ಕಂಪನಿಯೋರು ಬರ್ಲಿ, ನಾನ್ ಸಾಕ್ಷಿ ಏಳ್ತೀನಿ," ಎಂದ ಸೆಲ್ವರಾಜ್.

ಚಟ್ಟ ಎತ್ತಿದರು. ಮುಂದೆ ಗೋಪಿ. ಜತೆಗೆ ಸೆಲ್ವರಾಜ್ ಹೆಗಲು ಕೊಟ್ಟ.

"ನಿನ್ ಕೈಲಾಗಲ್ಲ, ಬುಡಣ್ಣ."

"ಸುಮ್ನಿರು ತಂಬಿ."

ಓಣಿ ಕಿರಿದು, ರಸ್ತೆಗೆ ಅದೊಂದೇ ದಾರಿ. ಡಾಕ್ಟರ ಕಾರು ಹೆಣದ ಹಿಂದೆ ಸಿಕ್ಕಿಕೊಂಡಿತು. ಸ್ವಲ್ಪ ದೂರಕ್ಕೇ ಸೆಲ್ವರಾಜ್ ನಿಂತ. ಎದೆ ಸಿಳ್ಳೆ ಹಾಕುತ್ತಿತ್ತು. ಚಟ್ಟ ನಿಂತಿತು, ತಮಟೆ ನಿಂತಿತು, ಕಾರೂ ನಿಂತಿತು. ಡ್ರೈವರ್ ಹಾರನ್ ಒತ್ತಿದ. ಯಾರೂ ತಿರುಗಲಿಲ್ಲ. ಮುದುಕನಿಗೆ ಉಸಿರು ಮರಳುವವರೆಗೂ ಊರೆಲ್ಲ ದಾರಿಗಡ್ಡ ನಿಂತಿತ್ತು.