ಒಂದೇ ಸೂಲಿನ ಮರಿಗಳು

“ಕಣ್ಣು ಬಿಟ್ಟ ನಾಯಿಮರಿಗಳನ್ನ ಬಕೆಟ್ ನೀರಲ್ಲಿ ಅದುಮಿ ಕೊಂದ್ಯಲ್ಲೋ! ನಿನ್ನೆ ತಾನೆ ನನ್ನ ಕೈಯಿಂದ ಹಾಲಲ್ಲಿ ನೆನೆಸಿದ ಬ್ರೆಡ್ ತಿಂದಿದ್ವು ಕಣೋ!”

“ಕಿರುಚಬೇಡ ಅಣ್ಣ, ಕುದುರೆ ಬೆದರ್ತವೆ,” ಎಂದ ಅಲಾಯ್ಸ್.

“ಕೊಲ್ಲೋದಿದ್ರೆ ಹುಟ್ಟಿದ ದಿನವೇ ಕೊಲ್ಲಬೇಕಿತ್ತು, ಕಟುಕ ನನ್ಮಗನೇ.”

“ಹುಟ್ಟಿದ ದಿನ ಎಲ್ಲಾ ನುಣ್ಣಗೇ ಇರ್ತವೆ. ಮೀಸೆ ಮೂಡೋ ತನಕ ಯಾವುದು ಒರಟು ಕೂದಲಿಂದು ಅಂತ ನಿಮ್ಮಪ್ಪ ಬಂದು ಹೇಳ್ತಾನಾ?”

“ನಮ್ಮಪ್ಪ ನಿನಗೂ ಅಪ್ಪನೇ ಕಣೋ. ಅವನು ಯಾವತ್ತೂ ಕೂದಲು ನೋಡ್ಲಿಲ್ಲ, ಇಲಿ ಹಿಡಿಯುತ್ತಾ ಅಂತ ನೋಡ್ದ.”

ಅದು ನಿಜ. ಅಪ್ಪನ ಕಾಲದಲ್ಲಿ ಈ ತಂಗುಮನೆಯ ಲಾಯದಲ್ಲಿ ನಲವತ್ತು ಕುದುರೆ ನಿಲ್ಲುತ್ತಿದ್ದವು. ನುಣುಪು ಮೈಯ ಪಿನ್ಷರ್ ನಾಯಿ, ಗಡ್ಡ ಮೀಸೆಯ ಪಿನ್ಷರ್ ನಾಯಿ ಎರಡೂ ಒಂದೇ ಸೂಲಿನಲ್ಲಿ ಹುಟ್ಟಿ, ಒಂದೇ ಹುಲ್ಲಿನ ಮೇಲೆ ಮಲಗಿ, ಕುದುರೆಗಳ ಓಟ್ಸ್ ಪೆಟ್ಟಿಗೆಯನ್ನು ಇಲಿಗಳಿಂದ ಕಾಯುತ್ತಿದ್ದವು. ಆಮೇಲೆ ಹತ್ತಿರದ ಉಲ್ಮ್ ಪಟ್ಟಣಕ್ಕೆ ರೈಲು ಬಂತು, ಕುದುರೆ ಗಾಡಿಗಳು ಕಡಿಮೆಯಾದವು. ಈಗ ಸಂಜೆಗೆ ಎಂಟು ಕುದುರೆ ಬಂದರೆ ಹೆಚ್ಚು. ಇನ್ನು ಈ ಮನೆ ಉಳಿಯುವುದು ನಾಯಿಗಳಿಂದಲೇ ಎಂದು ಅಲಾಯ್ಸ್ ತೀರ್ಮಾನಿಸಿದ್ದ. ಸ್ಟುಟ್‌ಗಾರ್ಟ್‌ನ ನಾಯಿ ಸಂಘದ ತಳಿ ಪುಸ್ತಕದಲ್ಲಿ ಅವನ ಹೆಣ್ಣುನಾಯಿ ಲೋರೆಯ ಹೆಸರು ಸೇರಬೇಕು, ಆಗ ಅದರ ಮರಿಗಳಿಗೆ ಒಳ್ಳೆ ಬೆಲೆ. ಸಂಘದ ಮುಖ್ಯ ಕಟ್ಟಳೆ: ಮೂರು ತಲೆಮಾರಿನಲ್ಲಿ ಒರಟು ಕೂದಲಿನ ಒಂದೇ ಒಂದು ಮರಿಯೂ ಹುಟ್ಟಿರಬಾರದು. ಹುಟ್ಟಿಲ್ಲ ಎಂದು ಅಲಾಯ್ಸ್ ಬರೆದುಕೊಟ್ಟಿದ್ದ. ಆದರೆ ಲೋರೆಯ ಒಡಹುಟ್ಟಿದ ಶ್ನಾಪ್ ಎಂಟು ವರ್ಷದಿಂದ ಪೊದೆಯಂಥ ಮೀಸೆ ಹೊತ್ತು ಇದೇ ಅಂಗಳದಲ್ಲಿ ಓಡಾಡುತ್ತಿತ್ತು. ಲಾಯ ನೋಡಿಕೊಳ್ಳುತ್ತಿದ್ದ ಅಣ್ಣ ವೆಂಡೆಲಿನ್‌ನ ಹಾಸಿಗೆಯಲ್ಲೇ ಅದರ ನಿದ್ದೆ.

“ಮಧ್ಯಾಹ್ನ ಸಂಘದವರು ಬರ್ತಾರೆ. ಅವರು ಹೋಗೋ ತನಕ ಶ್ನಾಪ್‌ನ ಓಟ್ಸ್ ಕೋಣೇಲಿ ಕೂಡಿಹಾಕು. ಕಾಲಿಗೆ ಬೀಳ್ಲಾ?”

“ಬೀಳಬೇಡ, ಲದ್ದಿ ಇದೆ,” ಎಂದ ವೆಂಡೆಲಿನ್. ಆದರೂ ಕೂಡಿಹಾಕಿದ.

ಸಂಘದವನು ಬಂದ. ಲೋರೆಯ ಹಲ್ಲು ನೋಡಿದ, ಬೆನ್ನು ಸವರಿದ, ಮೆಚ್ಚಿ ತಲೆಯಾಡಿಸಿದ. ಕೊನೆಯದು ಇಲಿ ಪರೀಕ್ಷೆ. ಹಲಗೆಯ ಬೇಲಿಯೊಳಗೆ ಲೋರೆಯ ಜೊತೆ ಹನ್ನೆರಡು ಇಲಿ ಬಿಟ್ಟು ಅವನು ಗಡಿಯಾರ ಹಿಡಿದ. ಲೋರೆ ಇಲಿಗಳತ್ತ ತಿರುಗಿಯೂ ನೋಡಲಿಲ್ಲ. ಮೊಲೆಯಿಂದ ಹಾಲು ತೊಟ್ಟಿಕ್ಕಿಸುತ್ತ, ಕುಂಯ್‌ಗುಡುತ್ತ, ಮೂಲೆ ಮೂಲೆ ಮೂಸಿ ಇಲ್ಲದ ಮರಿಗಳನ್ನು ಹುಡುಕಿತು. ಒಂದು ಇಲಿ ಅದರ ಬೆನ್ನ ಮೇಲೇ ಹತ್ತಿ ಇಳಿಯಿತು.

ಅಷ್ಟರಲ್ಲಿ ಓಟ್ಸ್ ಕೋಣೆಯ ಹಲಗೆ ಮುರಿದ ಸದ್ದು. ಇಲಿಯ ವಾಸನೆ ಹಿಡಿದ ಶ್ನಾಪ್ ಬೇಲಿ ಹಾರಿ ಒಳಗೆ ಬಿತ್ತು. ಒಂದೊಂದು ಇಲಿಗೆ ಒಂದೊಂದೇ ಕೊಡವಿಕೆ. ನಿಮಿಷ ತುಂಬುವುದರೊಳಗೆ ಹನ್ನೆರಡೂ ಸತ್ತಿದ್ದವು.

“ಅದ್ಭುತ,” ಎಂದ ಸಂಘದವನು. ಆಮೇಲೆ ಮೀಸೆ ನೋಡಿದ. “ಇದ್ಯಾರದು?”

“ಯಾವುದೋ ಗಾಡಿ ಹಿಂದೆ ಬಂದ ಬೀದಿ ನಾಯಿ, ಸ್ವಾಮಿ,” ಎಂದ ಅಲಾಯ್ಸ್.

“ಹಾಲಿರೋ ನಾಯಿ ಅಂತ ನಿನ್ನ ಲೋರೆಗೆ ಇಲಿ ಪರೀಕ್ಷೆ ಬಿಡ್ತೀನಿ. ಆದ್ರೆ ಬೀದಿ ನಾಯಿ ಹೀಗೆ ಒಳಗೆ ನುಗ್ಗಿದ್ರೆ ಮುಂದಿನ ಸೂಲು ಯಾರದು ಅಂತ ನಾನು ಬರೀಲಿ? ಇದು ಇರೋ ತನಕ ನನ್ನ ಪುಸ್ತಕ ತೆರೆಯೋದಿಲ್ಲ.”

ಅಲಾಯ್ಸ್ ಗೋಡೆಯ ಬಂದೂಕು ಇಳಿಸಿದ. ಬೇಕೆಂದೇ ನಿಧಾನವಾಗಿ ಮದ್ದು ತುಂಬಿದ. ಅಣ್ಣ ಬಂದು ಕೈ ಹಿಡಿಯುತ್ತಾನೆ, ನಾಲ್ಕು ಬಾರಿಸುತ್ತಾನೆ, ಅಲ್ಲಿಗೆ ಎಲ್ಲ ಮುಗಿಯುತ್ತದೆ ಎಂದುಕೊಂಡ. ವೆಂಡೆಲಿನ್ ಬರಲಿಲ್ಲ. ತಮ್ಮನ ಬಾಯಿಂದ ನಿಜ ಹೊರಡಲೆಂದು ಅವನ ಮುಖವನ್ನೇ ನೋಡುತ್ತ ನಿಂತಿದ್ದ.

“ಶ್ನಾಪ್,” ಎಂದು ಕರೆದ ಅಲಾಯ್ಸ್. ಬೀದಿ ನಾಯಿ ಹೆಸರಿಗೆ ಓಗೊಟ್ಟು, ಬಾಲ ಆಡಿಸುತ್ತ ಅವನ ಬೂಟಿನ ಹತ್ತಿರ ಬಂದು ಕೂತಿತು.

ಗುಂಡಿನ ಸದ್ದಡಗಿದ ಮೇಲೆ ಸಂಘದವನು ಪೆನ್ನು ತೆಗೆದ. ನಾಯಿಗೆ ಹೆಸರಿದ್ದದ್ದು ಅವನಿಗೆ ಕೇಳಿಸಿತ್ತೋ ಇಲ್ಲವೋ, ಲೋರೆಯ ಹೆಸರನ್ನು ಮಾತ್ರ ದುಂಡಗೆ ಬರೆದ.

ವೆಂಡೆಲಿನ್ ನಾಯಿಯನ್ನು ತನ್ನ ಕೋಟಿನಲ್ಲಿ ಸುತ್ತಿ ಎದೆಗೆತ್ತಿಕೊಂಡು ಗೇಟಿನತ್ತ ನಡೆದ.

“ಅಣ್ಣ! ಹೂಳಿ ಬೇಗ ಬಾ. ಸಂಜೆ ಗಾಡಿ ಬರ್ತವೆ!”

ವೆಂಡೆಲಿನ್ ಗೇಟು ದಾಟಿ ಊರಾಚೆಯ ರಸ್ತೆ ಹಿಡಿದ.

ಸಂಜೆ ಬಂದ ಎಂಟು ಕುದುರೆಗಳಿಗೂ ಅಲಾಯ್ಸನೇ ಓಟ್ಸ್ ಹಾಕಿದ. ಮರುದಿನವೂ ಅವನೇ ಹಾಕಿದ.