ಜಾಲಿಮರದ ಕೊಕ್ಕೆಗೋಲು

ತುರ್ಕಾನಾ ಸೀಮೆಯಲ್ಲಿ ಆ ವರ್ಷ ನಡೆದ ಅತಿ ಗಂಭೀರ ವಿದ್ಯಮಾನವೆಂದರೆ, ಒಂದು ಕೊಕ್ಕೆಗೋಲು ಒಂದು ಗುಡಿಸಲಿನಿಂದ ಇನ್ನೊಂದು ಗುಡಿಸಲಿಗೆ ಹೋದದ್ದು. ಮಳೆ ಮತ್ತೆ ಕೈಕೊಟ್ಟಿದ್ದು ಅದರ ಮುಂದೆ ಹಳೆಯ ಸುದ್ದಿ.

ಕೋಲು ನಕ್ವಾವಿಯದು. ಅತ್ತೆ ಸಾಯುವಾಗ ಅದನ್ನು ಹಿರಿಸೊಸೆಯ ಕೈಗೇ ಇಟ್ಟಿದ್ದಳು. ಕೋಲು ಯಾರ ಕೈಯಲ್ಲಿದೆಯೋ ಹೊಳೆದಂಡೆಯ ಜಾಲಿಮರವೂ ಅವರದೇ. ಹೊಳೆ ಬತ್ತಿದ್ದರೂ ಮರ ಮೈತುಂಬ ಕಾಯಿ ಬಿಟ್ಟಿತ್ತು. ನಕ್ವಾವಿಗೆ ಉಳಿದಿದ್ದದ್ದು ಒಂದು ಹಾಲಿನ ಮೇಕೆ, ತಾಯಿಯಿಲ್ಲದ ಒಂದು ಮೊಮ್ಮಗು. ಒಣಹುಲ್ಲು ತಿಂದ ದಿನ ಮೇಕೆಯ ಹಾಲಿಗೆ ಸೋರೆಬುರುಡೆಯ ತಳ ಒದ್ದೆಯಾದರೆ ಹೆಚ್ಚು. ಕಾಯನ್ನು ಇಡಿಯಾಗಿ ಹಾಕಿದರೆ ಬೀಜ ಹಿಕ್ಕೆಯಲ್ಲಿ ಹಾಗೇ ಹೊರಬೀಳುತ್ತಿತ್ತು. ಬೀಜಸಮೇತ ಕುಟ್ಟಿ ತಿನ್ನಿಸಿದರೆ ಮಾತ್ರ ಮಗುವಿನ ಹೊಟ್ಟೆ ತುಂಬುವಷ್ಟು ಹಾಲು.

ಕೋಲನ್ನು ಎತ್ತಿಕೊಂಡು ಹೋದವಳು ವಾರಗಿತ್ತಿ ಅಸೆಕೋನ್.

"ಅಕ್ಕಾ, ಅರ್ಧರ್ಧ ಉದುರಿಸ್ಕೊಳ್ಳೋಣ ಬಾ. ಮರಕ್ಕೇನು ನಿನ್ನ ಹೆಸರು ಗೊತ್ತಾ?"

"ನಿನ್ನ ಕೈ ಎಷ್ಟುದ್ದ ಅಂತ ಊರಿಗೆಲ್ಲ ಗೊತ್ತು. ಹಿರಿಯರೇ ಹೇಳ್ಲಿ."

"ಹಿರಿಯರು ಬಾಯಿ ಬಿಡೋದು ಮಾಂಸಕ್ಕೆ ಕಣಕ್ಕಾ!"

ಅದು ನಿಜ. ದೂರು ಕೊಟ್ಟವರು ಮೇಕೆ ಕಡಿಯದೆ ನ್ಯಾಯ ಕೂರುವುದಿಲ್ಲ. ಸೋತವರು ಆಮೇಲೆ ಬದಲಿ ಮೇಕೆ ಕೊಡಬೇಕು. ತೀರ್ಪಾಗುವವರೆಗೆ ಮರವನ್ನು ಯಾರೂ ಮುಟ್ಟುವಂತಿಲ್ಲ. ಹಿರಿಯರೋ, ಒಬ್ಬೊಬ್ಬರು ಒಂದೊಂದು ದಿಕ್ಕಿನಲ್ಲಿ ನೀರು ಹುಡುಕಿಕೊಂಡು ಹೋಗಿದ್ದರು. ಅವರು ಕೂಡುವಷ್ಟರಲ್ಲಿ ಮೇಕೆಯ ಪಕ್ಕೆಲುಬು ಎಣಿಸುವಂತಾಗಿತ್ತು. ಗೆಲ್ಲುವವಳು ತಾನೇ, ಅಸೆಕೋನಳ ದೊಡ್ಡಿಯಲ್ಲಿ ಮೇಕೆಗಳಿವೆ, ಒಂದು ಬಂದೇ ಬರುತ್ತದೆ ಎಂದು ನಕ್ವಾವಿ ಅದನ್ನೇ ಎಳೆದುಕೊಂಡು ಹೋದಳು.

ಹಿರಿಯರು ಅದೇ ಮರದ ನೆರಳಲ್ಲಿ ಕೂತು ತಿಂದರು. ತಲೆಯ ಮೇಲೆ ಕಾಯಿ ಗಲಗಲ ಎನ್ನುತ್ತಿತ್ತು.

"ಬರೀ ನಾರು ಕಣಮ್ಮ," ಎಂದ ಹಲ್ಲಿಲ್ಲದ ಲೊಕಾಪೆಲ್. "ಇದಕ್ಕೆ ಏನು ತಿನ್ನಿಸ್ತಿದ್ದೆ?"

"ನೀವು ಮುಟ್ಟಬೇಡ ಅಂದದ್ದನ್ನ ಬಿಟ್ಟು ಮಿಕ್ಕಿದ್ದೆಲ್ಲ, ಅಜ್ಜ."

ಲೊಕಾಪೆಲ್ ಮೂಳೆ ಚೀಪಿ ತೀರ್ಪು ಕೊಟ್ಟ: ಕೋಲು ನಕ್ವಾವಿಯದು, ಮರ ನಕ್ವಾವಿಯದು, ಅಸೆಕೋನ್ ಬದಲಿ ಮೇಕೆ ಕೊಡತಕ್ಕದ್ದು.

ಅಸೆಕೋನ್ ಎದ್ದುಹೋಗಿ ಸುತ್ತಿಟ್ಟಿದ್ದ ಮೇಕೆ ಚರ್ಮಗಳನ್ನು ತಂದು ಹಾಕಿದಳು. "ನ್ಯಾಯ ಕಾಯ್ತಾ ಕಾಯ್ತಾ ನನ್ನವೂ ಹೋದ್ವು. ಯಾವುದು ಬೇಕೋ ಆರಿಸ್ಕೋ ಅಕ್ಕಾ."

ಆ ಸಂಜೆ ನಕ್ವಾವಿ ಕೊಕ್ಕೆಗೋಲಿನಿಂದ ಬೇಕಾದಷ್ಟು ಕಾಯಿ ಉದುರಿಸಿ, ಕುಟ್ಟಿ, ನೀರಲ್ಲಿ ಕದಡಿ ಮಗುವಿಗೆ ಕುಡಿಸಿದಳು. ಮಗು ಕಕ್ಕಿತು. ಮಳೆಗೆ ಮೊದಲೇ ಅದು ತೀರಿಕೊಂಡಿತು.